ಆಟದ ಇಂಜಿನ್ನು ಎಷ್ಟು ಡಬ್ಬಿ ಎಳೆದೀತು?

ಆಟದ ರೈಲನ್ನು ಕಂಡ ದೊಡ್ಡವರು ಅದು ಎರಡು ಸುತ್ತು ತಿರುಗುವವರೆಗೆ ಸುಮ್ಮನೆ ನಿಂತು ನೋಡುತ್ತಾರೆ. ಮೂರನೆಯ ಸುತ್ತಿಗೆ ಬೆಲೆ ಕೇಳುತ್ತಾರೆ. ಬೆಲೆ ಕೇಳಿ ಹುಬ್ಬೇರಿಸಿದ ಮೇಲೆ ಬರುವ ಪ್ರಶ್ನೆ ಒಂದೇ: ‘ಇದು ಎಷ್ಟು ಡಬ್ಬಿ ಎಳೆಯುತ್ತದೆ?’ ನಮ್ಮ ಮನೆಗೆ ಬಂದ ನೆಂಟರಿಷ್ಟರೆಲ್ಲ ಇದನ್ನೇ ಕೇಳಿದ್ದಾರೆ. ಹಾಲು ಹಾಕಲು ಬಂದ ಹುಡುಗನೂ ಕೇಳಿದ್ದಾನೆ. ಉತ್ತರ ಮಾತ್ರ ಇಂಜಿನ್ನಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರಲಿಲ್ಲ. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಅಂಕಿಗಳ ನಡುವೆ ಕುಳಿತವನಿಗೆ, ಅಂಕಿಯಲ್ಲಿ ಹೇಳಬಹುದಾದ ಉತ್ತರವೊಂದು ಹೀಗೆ ಗಾಳಿಯಲ್ಲಿ ತೂಗಾಡುವುದು ಸಮಾಧಾನದ ಸಂಗತಿಯಲ್ಲ.

ಮೊದಲು ನಮ್ಮ ಊರಿನ ಪರಿಚಯ ಹೇಳಿಬಿಡುತ್ತೇನೆ. ಕಾಸರಗೋಡಿನ ಓದುಗರಿಗೆ ಜತ್ ಎಂದರೆ ಎಲ್ಲಿಯದೋ ಒಂದು ಹೆಸರಾಗಿ ಕಂಡೀತು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ವಿಜಯಪುರ ಜಿಲ್ಲೆಗೆ ಬೆನ್ನು ಹಚ್ಚಿಕೊಂಡು ಕುಳಿತ ತಾಲೂಕು ಇದು. ಗುಡ್ಡಾಪುರದ ದಾನಮ್ಮದೇವಿಯ ಹೆಸರು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಆ ಗುಡ್ಡಾಪುರ ನಮ್ಮ ತಾಲೂಕಿನದೇ. ಉಮದಿ, ಸಂಖ, ಮಾಡಗ್ಯಾಳಗಳ ಕಡೆ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ನಿಮ್ಮಲ್ಲಿ ಮರಾಠಿಯ ಜಾಗದಲ್ಲಿ ಮಲಯಾಳವಿದೆ, ಅಷ್ಟೇ ವ್ಯತ್ಯಾಸ. ಇನ್ನೊಂದು ವ್ಯತ್ಯಾಸ ನೀರಿನದು. ನಿಮ್ಮಲ್ಲಿ ಮಳೆ ಯಾವಾಗ ನಿಂತೀತೆಂದು ಕಾಯುತ್ತಾರೆ, ನಮ್ಮಲ್ಲಿ ಯಾವಾಗ ಬಂದೀತೆಂದು.

ರೈಲಿನ ವಿಷಯದಲ್ಲೂ ನೀವು ಭಾಗ್ಯವಂತರು. 1907ರಲ್ಲಿ ಮಂಗಳೂರು ಮುಟ್ಟಿದ ದೊಡ್ಡ ರೈಲು ನಿಮ್ಮ ಅಂಗಳದಲ್ಲೇ ಹಾದುಹೋಗಿದೆ. ಜತ್ ಊರಿನಲ್ಲಿ ರೈಲು ನಿಲ್ದಾಣವೇ ಇಲ್ಲ. ‘ಜತ್ ರೋಡ್’ ಎಂಬುದೊಂದಿದೆ. ರೈಲಿನವರ ಭಾಷೆಯಲ್ಲಿ ಊರಿನ ಹೆಸರಿನ ಮುಂದೆ ‘ರೋಡ್’ ಎಂದು ಬರೆದಿದ್ದರೆ, ಊರು ಇಲ್ಲಿಲ್ಲ, ಇಲ್ಲಿಂದ ಅಲ್ಲಿಗೆ ಹೋಗಲು ರಸ್ತೆಯಿದೆ ಎಂದು ತಿಳಿಯಬೇಕು. ನಿಮ್ಮ ಸುಬ್ರಹ್ಮಣ್ಯ ರೋಡ್ ಕೂಡ ಇದೇ ಜಾತಿಯದು.

ಈ ಜತ್ ರೋಡಿನ ಮೇಲೆ ಹಿಂದೆ ಓಡುತ್ತಿದ್ದದ್ದು ಆಟದ ರೈಲಿನ ಅಣ್ಣನೆಂದು ಹೇಳಬಹುದಾದ ಒಂದು ಪುಟ್ಟ ರೈಲು. ಬಾರ್ಶಿ ಲೈಟ್ ರೈಲ್ವೆ ಎಂದು ಅದರ ಹೆಸರು. ಎರಡು ಹಳಿಗಳ ನಡುವೆ ಕೇವಲ ಎರಡೂವರೆ ಅಡಿ. ಎವರಾರ್ಡ್ ಕಾಲ್‌ಥ್ರಾಪ್ ಎಂಬ ಆಂಗ್ಲ ಇಂಜಿನಿಯರ್ ಇದನ್ನು ಕಟ್ಟಿದವನು. 1897ರಲ್ಲಿ ಕುರ್ಡುವಾಡಿಯಿಂದ ಬಾರ್ಶಿಗೆ ಮೊದಲ ಗಾಡಿ ಓಡಿತು. 1906ರಲ್ಲಿ ಪಂಢರಪುರಕ್ಕೆ, 1911ರಲ್ಲಿ ಲಾತೂರಿಗೆ, ಕೊನೆಗೆ 1927ರಲ್ಲಿ ಮಿರಜಿಗೆ ಬಂತು. ಗಾಡಿ ಮಿರಜ ಮುಟ್ಟಿದ ವರ್ಷವೇ ಕಾಲ್‌ಥ್ರಾಪ್ ತೀರಿಕೊಂಡ. ವಿಮಾನದಿಂದ ಜಿಗಿಯುವವರಿಗೆ ಪ್ಯಾರಾಚೂಟ್ ಮಾಡಿಕೊಟ್ಟವನೂ ಇವನೇ ಎಂದು ಓದಿದಾಗ ನನಗೆ ಆಶ್ಚರ್ಯವಾಗಿತ್ತು. ನೆಲದ ಮೇಲೆ ಭಾರ ಎಳೆಯುವುದು, ಆಕಾಶದಿಂದ ಭಾರ ಇಳಿಸುವುದು, ಎರಡೂ ಒಬ್ಬನ ತಲೆಯಲ್ಲಿ.

ಆಷಾಢ ಏಕಾದಶಿಗೆ ಈ ಗಾಡಿಯಲ್ಲಿ ಪಂಢರಪುರಕ್ಕೆ ಹೋದ ಕಥೆಯನ್ನು ಅವ್ವ ನಮಗೆ ಬಹಳ ಸಲ ಹೇಳಿದ್ದಾಳೆ. ಕಾಲಿಡಲು ಜಾಗವಿರುತ್ತಿರಲಿಲ್ಲವಂತೆ, ಆದರೂ ಗಾಡಿ ಯಾರನ್ನೂ ಬಿಟ್ಟು ಹೋಗುತ್ತಿರಲಿಲ್ಲವಂತೆ. ಅಷ್ಟು ಸಣ್ಣ ಗಾಡಿ ಅಷ್ಟು ಭಾರ ಹೊತ್ತದ್ದಕ್ಕೆ ಅವ್ವನ ಪ್ರಕಾರ ವಿಠ್ಠಲನ ಕೃಪೆ ಕಾರಣ. ಕಾಲ್‌ಥ್ರಾಪ್‌ನ ಲೆಕ್ಕವೂ ಸ್ವಲ್ಪ ಇತ್ತು. ಇಂಜಿನ್ನಾಗಲಿ ಡಬ್ಬಿಯಾಗಲಿ, ಒಂದೊಂದು ಅಚ್ಚಿನ ಮೇಲೆ 5 ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು ಎಂದು ಅವನು ನಿಯಮ ಮಾಡಿಕೊಂಡಿದ್ದ. ಆದ್ದರಿಂದ ಹಗುರಾದ, ಅಗ್ಗದ ಹಳಿಗಳು ಸಾಕಾದವು. ಸಾಮಾನಿನ ಡಬ್ಬಿಗಳಿಗೆ ಒತ್ತಿ ಮಾಡಿದ ಉಕ್ಕಿನ ಒಂದೇ ಅಳತೆಯ ಚೌಕಟ್ಟು ಹಾಕಿಸಿ, ಡಬ್ಬಿಯ ಸ್ವಂತ ತೂಕ ಇಳಿಸಿ, ಒಳಗೆ ತುಂಬುವ ಸಾಮಾನಿನ ತೂಕ ಏರಿಸಿದ. ಇಂಜಿನ್ನುಗಳು ಲೀಡ್ಸ್ ಪಟ್ಟಣದ ಕಿಟ್ಸನ್ ಕಂಪನಿಯವು. ಅವುಗಳಲ್ಲಿ ಎಳೆಯುವ ಗಾಲಿಗಳೇ ಎಂಟು, ಅಂದರೆ ನಾಲ್ಕು ಅಚ್ಚು. ಇದೆಲ್ಲವನ್ನೂ ಹಡಗು ಹತ್ತಿಸುವ ಮೊದಲು ಲೀಡ್ಸಿನ ಪಕ್ಕದ ನ್ಯೂಲೆ ಎಂಬಲ್ಲಿ ಹಳಿ ಹಾಸಿ ಓಡಿಸಿ, ಜನರನ್ನು ಕರೆದು ತೋರಿಸಿದ. ಎರಡೂವರೆ ಅಡಿಯ ಗಾಡಿ ನಿಜವಾಗಿ ಎಷ್ಟು ಎಳೆದೀತು ಎಂಬ ಸಂಶಯ ಆಗಲೂ ಇತ್ತೆಂದಾಯಿತು.

ಈಗ ಆ ಹಳಿ ಇಲ್ಲ. ಈ ಶತಮಾನದ ಮೊದಲ ಹತ್ತು ಹನ್ನೊಂದು ವರ್ಷಗಳಲ್ಲಿ ಹಂತಹಂತವಾಗಿ ಅದನ್ನು ಕಿತ್ತು ದೊಡ್ಡ ಹಳಿ ಹಾಕಿದರು. ನನ್ನ ಮಗ ಚಿಕ್ಕ ಗಾಡಿಯನ್ನು ಕಂಡವನಲ್ಲ. ಅವನಿಗೆ ರೈಲಿನ ಹುಚ್ಚು ಹತ್ತಿದ್ದು ಪುಣೆಯಲ್ಲಿ, ಕರ್ವೆ ರಸ್ತೆಯ ಜೋಶಿಯವರ ಪುಟ್ಟ ರೈಲುಗಳ ವಸ್ತುಸಂಗ್ರಹಾಲಯದಲ್ಲಿ. 1998ರಲ್ಲಿ ತೆರೆದ ಆ ಜಾಗದಲ್ಲಿ ಒಂದು ಇಡೀ ಪಟ್ಟಣವನ್ನೇ ಮೇಜಿನ ಮೇಲೆ ಕಟ್ಟಿ, ಅದರೊಳಗೆ ರೈಲು ಓಡಿಸುತ್ತಾರೆ. ಹೊರಗೆ ಬಂದ ಮಗ ಮೂರು ದಿನ ಮಾತೇ ಆಡಲಿಲ್ಲ. ಪುಣೆಯಲ್ಲಿರುವ ಅವನ ಸೋದರಮಾವ ಅದನ್ನು ನೋಡಲಾರದೆ, ತನ್ನ ಗೆಳೆಯರೊಬ್ಬರು ಆಡಿಸಿ ಬಿಟ್ಟಿದ್ದ ಹಳೆಯ ಸೆಟ್ಟೊಂದನ್ನು ಕೊಡಿಸಿದ. ಒಂದು ಇಂಜಿನ್ನು, ಹನ್ನೆರಡು ಸಾಮಾನಿನ ಡಬ್ಬಿ, ಒಂದು ಸುತ್ತು ಹಳಿ. ನಿಜವಾದ ರೈಲಿನ 87ನೆಯ ಒಂದು ಪಾಲು. ಹಳಿಯ ಅಗಲ ಹದಿನಾರೂವರೆ ಮಿಲಿಮೀಟರ್.

ಹೊಸ ಆಟಿಕೆ ಬಂದರೆ ಪಡಸಾಲೆ ಹೋಯಿತೆಂದೇ ಅರ್ಥ. ಹಳಿ ಮೊದಲು ನೆಲದ ಮೇಲೆ ಹಾಸಿತು. ಹನ್ನೆರಡು ಡಬ್ಬಿಯನ್ನೂ ಇಂಜಿನ್ನು ಲೀಲಾಜಾಲವಾಗಿ ಎಳೆಯಿತು. ಆಮೇಲೆ ಮಗನಿಗೆ ಘಾಟಿನ ಆಸೆ ಹುಟ್ಟಿತು. ಹಲಗೆಯ ಕೆಳಗೆ ಪುಸ್ತಕಗಳನ್ನಿಟ್ಟು ಮೀಟರಿಗೆ 2 ಸೆಂಟಿಮೀಟರ್ ಏರುವಂತೆ ಮಾಡಿದ. ಐವತ್ತಕ್ಕೆ ಒಂದು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿನ ಏರಿಳಿತವೂ ಇದೇ, ಐವತ್ತಕ್ಕೆ ಒಂದು. ಆ ಏರಿನಲ್ಲಿ ನಮ್ಮ ಇಂಜಿನ್ನು ಹನ್ನೆರಡು ಡಬ್ಬಿ ಕಟ್ಟಿಕೊಂಡು ಅರ್ಧಕ್ಕೆ ಹೋಗಿ ನಿಂತಲ್ಲೇ ಗಾಲಿ ತಿರುಗಿಸತೊಡಗಿತು.

‘ಅಪ್ಪಾ, ಇಂಜಿನ್ನಿಗೆ ದಮ್ಮಿಲ್ಲ. ಇನ್ನೊಂದು ಬೇಕು’ ಎಂದ ಮಗ.

ಇನ್ನೊಂದರ ಬೆಲೆ ನನಗೆ ಗೊತ್ತಿತ್ತು. ಆದ್ದರಿಂದ ಲೆಕ್ಕಕ್ಕೆ ಕುಳಿತೆವು.

ಇಂಜಿನ್ನಿನ ಎಳೆತವನ್ನು ಅಳೆಯುವುದು ಕಷ್ಟವಲ್ಲ, ತೂಕದ ಕಲ್ಲುಗಳಿದ್ದರೆ ಸಾಕು. ಬ್ಯಾಂಕಿನ ನೌಕರನ ಮನೆಯಲ್ಲಿ ಅದಕ್ಕೇನು ಕೊರತೆ? ಹಳೆಯ ದಪ್ಪ ಐದು ರೂಪಾಯಿ ನಾಣ್ಯವೊಂದರ ತೂಕ ಸರಿಯಾಗಿ 9 ಗ್ರಾಂ. ಸರಕಾರವೇ ತೂಗಿ ಕೊಟ್ಟ ಕಲ್ಲು. ಇಂಜಿನ್ನಿನ ಕೊಕ್ಕೆಗೆ ದಾರ ಕಟ್ಟಿ, ಹೊಲಿಗೆ ಯಂತ್ರದ ರೀಲೊಂದನ್ನು ಮೇಜಿನ ಅಂಚಿನಲ್ಲಿ ರಾಟೆಯಂತೆ ಕೂರಿಸಿ, ದಾರದ ತುದಿಗೆ ಚಹಾದ ಕಾಗದದ ಕಪ್ಪು ತೂಗಿಬಿಟ್ಟೆವು. ಕಪ್ಪಿನಲ್ಲಿ ಒಂದೊಂದೇ ನಾಣ್ಯ. ಒಂಬತ್ತು ನಾಣ್ಯದವರೆಗೆ ಇಂಜಿನ್ನು ಬಾವಿಯಿಂದ ನೀರು ಸೇದಿದಂತೆ ಕಪ್ಪನ್ನು ಮೇಲೆತ್ತಿತು. ಹತ್ತನೆಯದಕ್ಕೆ ಗಾಲಿ ಜಾರಿತು. ಕಪ್ಪಿನ 4 ಗ್ರಾಂ ಸೇರಿಸಿ 85 ಗ್ರಾಂ. ಅಡುಗೆಮನೆಯ ಬ್ಯಾಟರಿ ತಕ್ಕಡಿಯಲ್ಲಿ ಇಂಜಿನ್ನು 400 ಗ್ರಾಂ ತೂಗಿತು. ತನ್ನ ತೂಕದ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಎಳೆಯುತ್ತದೆಂದಾಯಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಹತ್ತನೆಯ ನಾಣ್ಯಕ್ಕೆ ನಿಂತದ್ದು ಮೋಟಾರಲ್ಲ. ಮೋಟಾರು ಆಗಲೂ ಹಾಡುತ್ತಲೇ ಇತ್ತು. ಸೋತದ್ದು ಗಾಲಿಗೂ ಹಳಿಗೂ ನಡುವಿನ ಹಿಡಿತ. ದೊಡ್ಡ ರೈಲಿನದೂ ಇದೇ ಕಥೆ. ಹಿಡಿತ ಹೆಚ್ಚಲೆಂದೇ ಅಲ್ಲಿ ಗಾಲಿಯ ಮುಂದೆ ಹಳಿಯ ಮೇಲೆ ಮರಳು ಸುರಿಸುತ್ತಾರೆ. ಆಟದ ಇಂಜಿನ್ನಿಗೆ ಮರಳು ಹಾಕಿದರೆ ಹಲ್ಲುಚಕ್ರಗಳ ಗತಿ ಮುಗಿಯಿತು. ಬದಲಾಗಿ ಒಂದೆರಡು ಗಾಲಿಗೆ ರಬ್ಬರಿನ ಬಳೆ ತೊಡಿಸುವುದುಂಟು. ಎಳೆತ ಹೆಚ್ಚುತ್ತದೆ ನಿಜ, ಆದರೆ ಇಂಜಿನ್ನಿಗೆ ವಿದ್ಯುತ್ತು ಬರುವುದು ಹಳಿಯಿಂದ ಗಾಲಿಯ ಮೂಲಕ. ರಬ್ಬರು ತೊಟ್ಟ ಗಾಲಿ ವಿದ್ಯುತ್ತು ಹೀರುವುದಿಲ್ಲ. ಕೈ ಹಿಡಿತ ಬಿಗಿಯಾಯಿತು, ಬಾಯಿ ಕಟ್ಟಿತು.

ಭಾರ ಹೇರಿಯೂ ನೋಡಿದೆವು. ಐದು ನಾಣ್ಯಗಳನ್ನು ಇಂಜಿನ್ನಿನ ತಲೆಯ ಮೇಲೆ ಅಂಟಿಸಿದಾಗ ಕಪ್ಪಿನಲ್ಲಿ ಒಂದೇ ಒಂದು ನಾಣ್ಯ ಹೆಚ್ಚು ಎತ್ತಿತು. ಐದು ಹೊತ್ತುಕೊಂಡರೆ ಒಂದರ ಲಾಭ. ಹೀಗೆಂದು ಹೇರುತ್ತ ಹೋಗಲೂ ಬರುವುದಿಲ್ಲ. ಗಾಲಿ ಜಾರುವುದೇ ಮೋಟಾರಿಗೆ ರಕ್ಷೆ. ಜಾರಲಾರದಷ್ಟು ಭಾರ ಹೇರಿದರೆ ಗಾಲಿ ಕಚ್ಚಿ ನಿಲ್ಲುತ್ತದೆ, ಮೋಟಾರಿನ ತಂತಿ ಕಾದು ಸುಡುತ್ತದೆ.

ಇನ್ನು ಡಬ್ಬಿಯ ಕಡೆ. ಒಂದು ಡಬ್ಬಿಯನ್ನು ಎಳೆಯಲು ಎಷ್ಟು ಬೇಕೆಂದು ತಿಳಿಯಲು ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತ ಹೋಗಬೇಕು. ಬೆರಳಿನಿಂದ ತುಸು ನೂಕಿದ ಡಬ್ಬಿ ನಿಲ್ಲದೆ, ಓಟ ಹೆಚ್ಚಿಸದೆ, ಒಂದೇ ಸಮನೆ ಇಳಿಯುವ ಎತ್ತರವೇ ಅದರ ಅಳತೆ. ನಮ್ಮ ಡಬ್ಬಿ ಮೀಟರಿಗೆ 3 ಸೆಂಟಿಮೀಟರ್ ಎತ್ತಿದಾಗ ಇಳಿಯಿತು. ಡಬ್ಬಿಯ ತೂಕ 100 ಗ್ರಾಂ, ಆದ್ದರಿಂದ ಎಳೆಯಲು 3 ಗ್ರಾಂ ಬೇಕು. 85ನ್ನು 3ರಿಂದ ಭಾಗಿಸಿದರೆ 28 ಡಬ್ಬಿ. ಮಗ ನೋಟ್‌ಬುಕ್ಕಿನಲ್ಲಿ 28 ಎಂದು ದೊಡ್ಡದಾಗಿ ಬರೆದು ಸುತ್ತ ಗೆರೆ ಎಳೆದ.

ಏರಿನಲ್ಲಿ ಲೆಕ್ಕ ಬೇರೆ. ನೂರಕ್ಕೆ ಎರಡರ ಏರಿನಲ್ಲಿ ಪ್ರತಿ ಡಬ್ಬಿಯೂ ಇನ್ನೂ 2 ಗ್ರಾಂ ಹಿಂದಕ್ಕೆ ಜಗ್ಗುತ್ತದೆ, ಇಂಜಿನ್ನು ತನ್ನನ್ನು ತಾನು ಎತ್ತಿಕೊಳ್ಳಲು 8 ಗ್ರಾಂ ಬೇಕು. ಉಳಿದ 77ನ್ನು 5ರಿಂದ ಭಾಗಿಸಿದರೆ 15. ಇಪ್ಪತ್ತೆಂಟು ಇದ್ದದ್ದು ಹದಿನೈದಕ್ಕೆ ಇಳಿಯಿತು. ದೊಡ್ಡ ರೈಲಿಗೆ ಏರು ಇದಕ್ಕಿಂತಲೂ ಕಠಿಣ. ಅಲ್ಲಿ ಸಮತಟ್ಟಿನಲ್ಲಿ ಒಂದು ಟನ್ ಎಳೆಯಲು ಮೂರರಿಂದ ಐದು ಕಿಲೋ ಸಾಕು, ಐವತ್ತಕ್ಕೆ ಒಂದರ ಏರಿನಲ್ಲಿ ಅದಕ್ಕೆ ಇನ್ನೂ 20 ಕಿಲೋ ಸೇರುತ್ತದೆ. ಸುಬ್ರಹ್ಮಣ್ಯದ ಘಾಟಿ ಹತ್ತುವ ಗಾಡಿಗೆ ಹಿಂದಿನಿಂದ ತಳ್ಳುವ ಇಂಜಿನ್ನುಗಳನ್ನು ಕಟ್ಟುವುದು ಇದಕ್ಕಾಗಿಯೇ. 2022ರ ಆಗಸ್ಟ್ 15ರಂದು ಛತ್ತೀಸಗಡದ ಕೊರ್ಬಾದಿಂದ ಕಲ್ಲಿದ್ದಲು ಹೊತ್ತು ಹೊರಟ ‘ಸೂಪರ್ ವಾಸುಕಿ’ ಎಂಬ ಗಾಡಿಗೆ 295 ಡಬ್ಬಿಗಳಿದ್ದವು, ಉದ್ದ ಮೂರೂವರೆ ಕಿಲೋಮೀಟರ್. ಇಂಜಿನ್ನು ಆರು. ಪಾಲು ಹಾಕಿದರೆ ಇಂಜಿನ್ನೊಂದಕ್ಕೆ 49 ಡಬ್ಬಿ. ನಮ್ಮ ಅಂಗೈ ಅಗಲದ ಇಂಜಿನ್ನಿನ 28 ಅದರ ಮುಂದೆ ತಲೆ ತಗ್ಗಿಸುವಂಥದ್ದಲ್ಲ.

ಆದರೆ ಲೆಕ್ಕದ ಪ್ರಕಾರ 15 ಡಬ್ಬಿ ಹತ್ತಬೇಕಾದ ಏರನ್ನು ನಮ್ಮ ಇಂಜಿನ್ನು 12 ಡಬ್ಬಿಗೇ ಹತ್ತದೆ ನಿಂತಿತ್ತು. ಲೆಜ್ಜರಿನಲ್ಲಿ ಮೂರು ರೂಪಾಯಿ ಕಡಿಮೆ ಬಂದರೂ ರಾತ್ರಿ ನಿದ್ದೆ ಬರದ ಜಾತಿ ನಮ್ಮದು. ಇಲ್ಲಿ ಮೂರು ಡಬ್ಬಿಯೇ ಕಡಿಮೆ. ಡಬ್ಬಿ ಹಗುರ ಮಾಡೋಣವೆಂದ ಮಗ. ಅದಕ್ಕೂ ಒಂದು ಮಿತಿಯಿದೆ. ಅಮೆರಿಕದ ಪುಟ್ಟ ರೈಲಿನ ಹವ್ಯಾಸಿಗಳ ಸಂಘ, 1935ರಷ್ಟು ಹಳೆಯದು, ಈ ಅಳತೆಯ ಡಬ್ಬಿಗೆ ಒಂದು ತೂಕ ಸೂಚಿಸಿದೆ: ಮೊದಲಿಗೆ ಒಂದು ಔನ್ಸ್, ಅದರ ಮೇಲೆ ಉದ್ದದ ಇಂಚಿಗೆ ಅರ್ಧ ಔನ್ಸ್. ನಮ್ಮ ಐದಿಂಚಿನ ಡಬ್ಬಿಗೆ ಇದು ಹೆಚ್ಚುಕಡಿಮೆ 100 ಗ್ರಾಮೇ ಆಗುತ್ತದೆ. ಇದಕ್ಕಿಂತ ಹಗುರಾದ ಡಬ್ಬಿಯನ್ನು ಉದ್ದ ಗಾಡಿಯ ಮುಂಭಾಗದಲ್ಲಿ ಕಟ್ಟಿದರೆ, ತಿರುವಿನಲ್ಲಿ ಮುಂದಿನ ಎಳೆತ, ಹಿಂದಿನ ಜಗ್ಗಾಟ ಎರಡೂ ಸೇರಿ ಅದನ್ನು ಒಳಮಗ್ಗುಲಿಗೆ ಮಗುಚಿ ಹಾಕುತ್ತವೆ.

ಈ ಗೊಂದಲದ ನಡುವೆ ಊರಿನಿಂದ ಅಣ್ಣ ಬಂದ. ವೈನಿಯೂ ಜೊತೆಗಿದ್ದರು. ಅಣ್ಣ ಬಂದ ಕೆಲಸ ಅವನ ಮುಖದ ಮೇಲೆಯೇ ಇತ್ತು. ನಾಲ್ಕು ಎಕರೆ ದಾಳಿಂಬೆ, ಬತ್ತಿದ ಎರಡು ಬೋರು, ಕೈಗಡ ಕೊಡುವವನೊಬ್ಬನಲ್ಲಿ 2 ಲಕ್ಷ ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿ. ನನ್ನ ಸಂಬಳದ ಮೇಲೆ 3 ಲಕ್ಷ ತೆಗೆಸಿ ಕೊಟ್ಟರೆ ಮೂರನೆಯ ಬೋರು ಹೊಡೆಸುವ ಯೋಚನೆ ಅವನದು. ನನ್ನ ಸಂಬಳಕ್ಕೆ ಆಗಲೇ ಮನೆಯ ಸಾಲ, ಮಿರಜಿನಲ್ಲಿ ಓದುವ ಮಗಳ ಖರ್ಚು, ಅವ್ವನ ಔಷಧಿ, ಸೊಸೈಟಿಯ ಕಡಿತ ಎಲ್ಲ ಸಾಲಾಗಿ ಕಟ್ಟಿಕೊಂಡಿದ್ದವು. ಸಾಲ ಮಂಜೂರು ಮಾಡುವಾಗ ಕಂತುಗಳೆಲ್ಲ ಕಳೆದು ಕೈಗೆ ಎಷ್ಟು ಉಳಿಯುತ್ತದೆಂದು ಬ್ಯಾಂಕು ನೋಡುತ್ತದೆ. ಬೇರೆಯವರಿಗೆ ಆ ಲೆಕ್ಕ ಹಾಕಿಕೊಡುವವನು ನಾನೇ ಆದ್ದರಿಂದ ನನ್ನದು ಎಷ್ಟೆಂದು ಯಾರೂ ಹೇಳಬೇಕಾಗಿರಲಿಲ್ಲ. ಅಣ್ಣನಿಗೆ ಇಲ್ಲವೆನ್ನುವುದೂ ಸುಲಭವಲ್ಲ. ನನ್ನನ್ನು ಬಿ.ಎ. ಓದಿಸಿದ್ದು ಅವನು ಹೊಡೆದ ಗಳೆ.

ಊಟಕ್ಕಿನ್ನೂ ಹೊತ್ತಿತ್ತು. ಅಣ್ಣ ಸಾಲದ ಮಾತು ಅರ್ಧಕ್ಕೆ ಬಿಟ್ಟು ಮಗನ ಪಕ್ಕದಲ್ಲಿ ಕುಳಿತು ಘಾಟಿನ ಆಟ ನೋಡಿದ. ಇಂಜಿನ್ನು ಎಂದಿನಂತೆ ಅರ್ಧಕ್ಕೆ ಜಾರಿತು. ಅಣ್ಣ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ, ತಲೆಕೆಳಗು ಮಾಡಿ, ಬೆರಳಿನಿಂದ ಗಾಲಿ ತಿರುಗಿಸಿ ನೋಡತೊಡಗಿದ. ಎಂಟು ಡಬ್ಬಿ ಬದಿಗಿಟ್ಟ. ನಾಲ್ಕನ್ನು ಬೇರೆ ಮಾಡಿದ.

‘ಇಂಜಿನ್ ಗಟ್ಟಿ ಐತಿ ತಮ್ಮಾ. ಈ ನಾಕರ ಗಾಲಿ ಹಿಡದಾವ ನೋಡು’ ಎಂದ.

ಎತ್ತಿನ ಗಾಡಿ ಹೂಡುವ ಮೊದಲು ಅಚ್ಚಿಗೆ ಎಣ್ಣೆ ಹಾಕಿಯೇ ಹೊರಡುತ್ತಿದ್ದವನು ಅವನು. ಸೂಜಿ ಇಸಿದುಕೊಂಡು ಅಚ್ಚಿನ ಸುತ್ತ ಬಿಗಿಯಾಗಿ ಸುತ್ತಿಕೊಂಡಿದ್ದ ಕೂದಲನ್ನು ಬಿಡಿಸಿದ. ಉದ್ದ ಕೂದಲು, ರಜೆಗೆ ಬಂದಿದ್ದ ಮಗಳದೇ. ನೆಲದ ಮೇಲೆ ಹಳಿ ಹಾಸಿದ ದಿನಗಳಲ್ಲಿ ಗಾಲಿಗಳು ಅದನ್ನು ಎಳೆಯೆಳೆಯಾಗಿ ನೂತುಕೊಂಡಿದ್ದವು. ಬಿಡಿಸದೆ ಉಳಿದ ಒಂದು ಡಬ್ಬಿಯನ್ನು ಮಗ ಹಲಗೆಯ ಮೇಲಿಟ್ಟು ಅಳೆದ: 3 ಗ್ರಾಂ ಬೇಕಾದಲ್ಲಿ 8 ಗ್ರಾಂ. ಅಲ್ಲಿಗೆ ಲೆಜ್ಜರು ಕೂಡಿತು. ಸಮತಟ್ಟಿನಲ್ಲಿ ಎಂಟು ಒಳ್ಳೆಯ ಡಬ್ಬಿಗೆ 24, ನಾಲ್ಕು ಕೆಟ್ಟದ್ದಕ್ಕೆ 32, ಒಟ್ಟು 56, ಇಂಜಿನ್ನಿನ 85ರೊಳಗೆ. ಏರಿನಲ್ಲಿ ಎಂಟಕ್ಕೆ 40, ನಾಲ್ಕಕ್ಕೆ 40, ಇಂಜಿನ್ನಿಗೆ 8, ಒಟ್ಟು 88. ಮೂರೇ ಗ್ರಾಂ ಹೆಚ್ಚಾದದ್ದಕ್ಕೆ ಗಾಡಿ ನಿಲ್ಲುತ್ತಿತ್ತು. ಕೂದಲು ತೆಗೆದ ಮೇಲೆ ಹನ್ನೆರಡೂ ಡಬ್ಬಿಗೆ 60, ಇಂಜಿನ್ನಿಗೆ 8. ಇನ್ನೂ 17 ಗ್ರಾಂ ಕೈಯಲ್ಲುಳಿಯಿತು. ಗಾಡಿ ಘಾಟು ಹತ್ತಿತು. ಮಗ ದೊಡ್ಡಪ್ಪನ ಕೊರಳಿಗೆ ಜೋತುಬಿದ್ದ.

ರಾತ್ರಿ ಊಟವಾದ ಮೇಲೆ ನಾನು ಹಣ ತುಂಬುವ ಹಳೆಯ ಚೀಟಿಯೊಂದರ ಬೆನ್ನಿನ ಮೇಲೆ ಅಣ್ಣನ ಲೆಕ್ಕ ಬರೆದೆ. 2 ಲಕ್ಷಕ್ಕೆ ನೂರಕ್ಕೆ ಮೂರರಂತೆ ತಿಂಗಳ ಬಡ್ಡಿಯೇ 6,000. ವರ್ಷಕ್ಕೆ 72,000, ಅಸಲು ಮಾತ್ರ ಇದ್ದಲ್ಲೇ ಇರುತ್ತದೆ. ಮನೆಯ ಚಿನ್ನವಿಟ್ಟು ಬ್ಯಾಂಕಿನಲ್ಲಿ ಅಷ್ಟೇ ಹಣ ತೆಗೆದರೆ, ಆಗಿನ ದರ ವರ್ಷಕ್ಕೆ ನೂರಕ್ಕೆ 9ರ ಆಸುಪಾಸು, ಬಡ್ಡಿ 18,000. ತಿಂಗಳಿಗೆ 1,500. ಬೆಳೆ ಅದೇ, ನೀರು ಅದೇ, ದುಡಿಯುವ ಮೈ ಅದೇ. ತಿಂಗಳಿಗೆ ನಾಲ್ಕೂವರೆ ಸಾವಿರ ಬಿಡುಗಡೆ.

ಚಿನ್ನದ ಮಾತೆತ್ತಲು ಅಣ್ಣನಿಗೆ ಬಾಯಿ ಬರಲಿಲ್ಲ. ಅದು ವೈನಿಯ ತವರಿನದು. ನನಗೂ ಬರಲಿಲ್ಲ. ಚೀಟಿಯ ಮೇಲೆ ಅಂಕಿ ಬರೆದು ಸುಮ್ಮನೆ ಮೇಜಿನ ಮೇಲಿಟ್ಟೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಪಾತ್ರೆ ಒರೆಸುತ್ತಿದ್ದ ವೈನಿ ಒಳಗಿನಿಂದಲೇ ಹೇಳಿದರು:

‘ಪೆಟ್ಟಿಗ್ಯಾಗ ಇದ್ರೂ ಅಷ್ಟ, ಬ್ಯಾಂಕಿನ್ಯಾಗ ಇದ್ರೂ ಅಷ್ಟ. ಅಲ್ಲೆ ಇಲಿ ಕಾಟಾರ ಇರೂದಿಲ್ಲ. ಆದ್ರ ಒಂದ ಮಾತು, ಅದನ್ನ ಬಿಡಿಸಿ ತರೂದು ಇವರಲ್ಲ, ನೀವು. ಚೀಟಿ ನಿಮ್ಮ ಹತ್ರಾನ ಇರ್ಲಿ.’

ಅಣ್ಣ ನಕ್ಕ. ಆ ನಗುವಿನಲ್ಲಿ ನೋವು ಎಷ್ಟಿತ್ತೆಂದು ಅಳೆಯುವ ಕಪ್ಪು ನನ್ನಲ್ಲಿಲ್ಲ. ಮುಂದಿನ ವಾರ ಕೈಗಡದವನ ಸಾಲ ತೀರಿತು. ಬೋರು ಆ ವರ್ಷ ಹೊಡೆಸಲಿಲ್ಲ. ನಾಲ್ಕು ಎಕರೆಯಲ್ಲಿ ಎರಡನ್ನು ಮಾತ್ರ ಉಳಿಸಿಕೊಳ್ಳುವುದೆಂದು ಅಣ್ಣ ತಾನೇ ನಿರ್ಧರಿಸಿದ. ಒಣಗಿದ ದಾಳಿಂಬೆ ಗಿಡಗಳನ್ನು ಕಿತ್ತ ದಿನ ಅವನು ಫೋನು ಎತ್ತಲಿಲ್ಲ. ವೈನಿಯ ಚಿನ್ನದಲ್ಲಿ ಬಳೆಗಳು ಬಿಡಿಸಿ ಬಂದಿವೆ, ಬೋರಮಾಳ ಸರ ಇನ್ನೂ ಬ್ಯಾಂಕಿನಲ್ಲಿದೆ. ಚೀಟಿ ನನ್ನ ಹತ್ತಿರವೇ ಇದೆ.

ಮಗನಿಗೆ ಈಗ ಇನ್ನೊಂದು ಇಂಜಿನ್ನಿನ ಆಸೆಯಿಲ್ಲ, ಇಪ್ಪತ್ತೆಂಟರ ಆಸೆ. ಕಾಗದದ ಮೇಲೆ 28 ಎಂದು ಬಂದದ್ದು ಹಳಿಯ ಮೇಲೂ ನಿಜವೇ ಎಂದು ನೋಡಲು ಇನ್ನೂ ಹದಿನಾರು ಡಬ್ಬಿ ಬೇಕು. ಅಂಗಡಿಯಿಂದ ತರುವ ಮಾತು ದೂರ. ಹೀಗಾಗಿ ಬಿಸ್ಕತ್ತಿನ ಡಬ್ಬದ ರಟ್ಟು, ಖಾಲಿ ರೀಫಿಲ್ಲು, ಅಂಗಿಯ ಗುಂಡಿ ಸೇರಿಸಿ ಇಲ್ಲಿಯವರೆಗೆ ಮೂರನ್ನು ತಾನೇ ಮಾಡಿದ್ದಾನೆ. ತೂಕ ಬರಲೆಂದು ಒಳಗೆ ನನ್ನ ಐದು ರೂಪಾಯಿ ನಾಣ್ಯಗಳನ್ನು ತುಂಬಿದ್ದಾನೆ. ಹಲಗೆಯ ಮೇಲಿಟ್ಟು ಅಳೆದರೆ ಒಂದೊಂದು 11 ಗ್ರಾಂ ಜಗ್ಗುತ್ತದೆ. ಈ ದೀಪಾವಳಿಗೆ ದೊಡ್ಡಪ್ಪ ಬಂದಾಗ ಅಚ್ಚು ತೋರಿಸಬೇಕೆಂದು ಮೂರನ್ನೂ ಒಂದು ಪೆಟ್ಟಿಗೆಯಲ್ಲಿಟ್ಟು, ಮೇಲೆ ಕನ್ನಡದಲ್ಲಿ ‘ರಿಪೇರಿ’ ಎಂದು ಬರೆದಿದ್ದಾನೆ.